ಜರ್ಮನಿಗೆ ಹೋಗಿ ‘ಅಸೈಲಂ ಹಾಕುವ’ ಮುಂಚೆ

‘ವಿಸಿಟ್ ವೀಸಾದಲ್ಲಿ ಹೋಗಿ, ಇಳಿದ ಕೂಡಲೇ ಅಸೈಲಂ ಹಾಕಿ. ಕೇಸು ಮುಗಿಯಲಿಕ್ಕೆ ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಕೆಲಸ, ರೂಮು, ಪೇಪರ್ ಎಲ್ಲ ಆಗ್ತದೆ.’ ಏಜೆಂಟನ ಈ ಮಾತಿನಲ್ಲಿ ಅರ್ಧ ನಿಜ ಉಂಟು, ಅಪಾಯ ಇರುವುದೂ ಅಲ್ಲಿಯೇ. ಜರ್ಮನಿಯಲ್ಲಿ ಯಾರು ಬೇಕಾದರೂ ಆಶ್ರಯ, ಅಂದರೆ ಅಸೈಲಂ, ಕೇಳಬಹುದು, ಅರ್ಜಿಗೆ ಶುಲ್ಕವೂ ಇಲ್ಲ. ಆದರೆ ಆ ಅರ್ಜಿ ಹಾಕಿದ ದಿನದಿಂದಲೇ ಬೇರೆ ಕೆಲವು ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಆ ವಿಷಯವನ್ನು ಏಜೆಂಟ್ ಬಾಯಿ ಬಿಡುವುದಿಲ್ಲ. ನಿಜವಾದ ಜೀವಭಯ ಇರುವವರಿಗೆ ಈ ದಾರಿ ಬೇಕೇ ಬೇಕು, ಅವರು ಅದನ್ನು ಸರಿಯಾಗಿ ಹಿಡಿಯಬೇಕು. ಬೇಕಾದದ್ದು ಕೆಲಸವಾದರೆ ದಾರಿ ಬೇರೆಯೇ.

ಯಾವ ಭಯಕ್ಕೆ ಆಶ್ರಯ?

ಜರ್ಮನ್ ಸಂವಿಧಾನದಲ್ಲಿ ರಾಜಕೀಯ ಕಿರುಕುಳಕ್ಕೆ ಒಳಗಾದವರಿಗೆ ಆಶ್ರಯದ ಹಕ್ಕು 1949ರಿಂದಲೇ ಉಂಟು. 1993ರ ತಿದ್ದುಪಡಿಯಲ್ಲಿ ಅದು ಬಹಳ ಬಿಗಿಯಾಯಿತು: ಸುರಕ್ಷಿತ ಮೂರನೇ ದೇಶವೊಂದನ್ನು ದಾಟಿ ಬಂದವರಿಗೆ ಸಂವಿಧಾನದ ಆಶ್ರಯ ಸಿಗುವುದಿಲ್ಲ. ಜರ್ಮನಿಯ ಸುತ್ತಲಿನ ದೇಶಗಳೆಲ್ಲ ಸುರಕ್ಷಿತವೇ ಆದ್ದರಿಂದ, ರಸ್ತೆಯಲ್ಲಿ ಬಂದವರಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಆದರೂ ಒಂದೇ ಅರ್ಜಿಯಲ್ಲಿ ನಾಲ್ಕು ಬಗೆಯ ರಕ್ಷಣೆಯನ್ನು ಪರಿಶೀಲಿಸುತ್ತಾರೆ: ಸಂವಿಧಾನದ ಆಶ್ರಯ, 1951ರ ಜಿನೀವಾ ಒಪ್ಪಂದದ ಪ್ರಕಾರ ನಿರಾಶ್ರಿತ ಸ್ಥಾನಮಾನ, ಪೂರಕ ರಕ್ಷಣೆ, ಮತ್ತು ಗಡೀಪಾರಿಗೆ ತಡೆ. ಮರಣದಂಡನೆ, ಚಿತ್ರಹಿಂಸೆ ಅಥವಾ ಯುದ್ಧದ ಹಿಂಸೆಯ ಅಪಾಯ ಇದ್ದರೆ ಪೂರಕ ರಕ್ಷಣೆ. ಗಂಭೀರ ಕಾಯಿಲೆಗೆ ಊರಿನಲ್ಲಿ ಚಿಕಿತ್ಸೆಯೇ ಸಿಗದೆ ಜೀವಕ್ಕೆ ಅಪಾಯ ಆಗುವಂಥ ಸಂದರ್ಭಗಳು ಕೊನೆಯದರಲ್ಲಿ ಬರುತ್ತವೆ.

ನಿರಾಶ್ರಿತ ಎನ್ನಿಸಿಕೊಳ್ಳಲು ಐದು ಕಾರಣಗಳಲ್ಲಿ ಒಂದು ಇರಲೇಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು. ಸೊಸೈಟಿ ಸಾಲ, ಬಡ್ಡಿಯವನ ಕಾಟ, ಜಾಗದ ಗಲಾಟೆ, ಬೋಟಿನಲ್ಲಿ ನಷ್ಟ, ನಿರುದ್ಯೋಗ ಇವು ಎಷ್ಟೇ ಕಷ್ಟದವಾದರೂ ಈ ಐದರಲ್ಲಿ ಬರುವುದಿಲ್ಲ. ಅಂತರ್‌ಧರ್ಮೀಯ ಮದುವೆಗೆ ಮನೆಯವರಿಂದಲೋ ಸಂಘಟನೆಯಿಂದಲೋ ಕೊಲೆ ಬೆದರಿಕೆ ಇದ್ದರೆ ಅದು ಬರಬಹುದು. ಆದರೆ ಪೊಲೀಸರ ಬಳಿ ಹೋದೆವು, ರಕ್ಷಣೆ ಸಿಗಲಿಲ್ಲ, ಅಥವಾ ಹೋಗುವ ಸ್ಥಿತಿಯೇ ಇರಲಿಲ್ಲ ಎಂದು ತೋರಿಸಬೇಕು. ಸಲಿಂಗ ಸಂಬಂಧದ ಕಾರಣ ಹೇಳುವವರು ನೆನಪಿಡಬೇಕಾದದ್ದು: 377ನೇ ಸೆಕ್ಷನ್ ವಿಷಯದಲ್ಲಿ 2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದು ಅಪರಾಧವಲ್ಲ ಎಂದು ಕೊಟ್ಟ ತೀರ್ಪು ಜರ್ಮನ್ ಅಧಿಕಾರಿಗಳಿಗೂ ಗೊತ್ತು. ಕಾನೂನಿನ ಭಯ ಅಲ್ಲ, ನಿಮ್ಮ ಮೇಲೆ ಯಾರಿಂದ, ಏನು ಎನ್ನುವುದನ್ನೇ ಹೇಳಬೇಕು.

ಭಾರತೀಯರ ಅರ್ಜಿ ಹೆಚ್ಚಾಗಿ ಬೀಳುವುದು ಇನ್ನೊಂದು ಪ್ರಶ್ನೆಯಲ್ಲಿ. ಬಂಟ್ವಾಳದಲ್ಲಿ ಬೆದರಿಕೆ ಇದ್ದರೆ ಪುಣೆಗೆ ಯಾಕೆ ಹೋಗಲಿಲ್ಲ? ದೇಶದೊಳಗೇ ಸುರಕ್ಷಿತವಾಗಿ ಬದುಕಬಹುದಾದ ಜಾಗ ಇದ್ದರೆ ರಕ್ಷಣೆ ಕೊಡಬೇಕಾಗಿಲ್ಲ ಎಂಬುದು ಅಲ್ಲಿನ ಆಶ್ರಯ ಕಾಯ್ದೆಯಲ್ಲೇ ಇರುವ ಮಾತು. ಭಾರತ ದೊಡ್ಡ ದೇಶ, ಊರು ಬದಲಿಸಿದವರನ್ನು ಹುಡುಕುವ ಕಡ್ಡಾಯ ನೋಂದಣಿ ವ್ಯವಸ್ಥೆ ಇಲ್ಲ ಎಂದು ವಾದ ಬರುತ್ತದೆ. ಇದಕ್ಕೆ ಉತ್ತರ ಇಲ್ಲದ ಅರ್ಜಿಗೆ ಬೆನ್ನೆಲುಬೇ ಇಲ್ಲ. ಬೆಂಗಳೂರಿಗೋ ಮುಂಬೈಗೋ ಹೋಗಿ ನೋಡಿದ್ದೆವು, ಅಲ್ಲಿಗೂ ಹುಡುಕಿಕೊಂಡು ಬಂದರು ಎಂಬುದಕ್ಕೆ ತಾರೀಕು, ಬಾಡಿಗೆ ಕರಾರು, ಸಾಕ್ಷಿ ಇದ್ದರೆ ಅದೇ ನಿಮ್ಮ ಕೇಸಿನ ಜೀವಾಳ.

2025ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ ‘ಸುರಕ್ಷಿತ ತಾಯ್ನಾಡು’ಗಳ ಒಂದು ಪಟ್ಟಿಯನ್ನು ಪ್ರಸ್ತಾಪಿಸಿತು. ಬಾಂಗ್ಲಾದೇಶ, ಕೊಲಂಬಿಯಾ, ಈಜಿಪ್ಟ್, ಕೊಸೊವೊ, ಮೊರಾಕೊ, ಟ್ಯುನೀಷಿಯಾದ ಜೊತೆ ಭಾರತದ ಹೆಸರೂ ಅದರಲ್ಲಿತ್ತು. ಈ ದೇಶಗಳವರ ಅರ್ಜಿಗಳಲ್ಲಿ ಶೇ 5 ಅಥವಾ ಅದಕ್ಕೂ ಕಡಿಮೆ ಮಾತ್ರ ಒಪ್ಪಿಗೆಯಾಗುತ್ತವೆ ಎಂಬುದು ಕೊಟ್ಟ ಕಾರಣ. 2024ರಲ್ಲಿ ಅಂಗೀಕಾರವಾದ ಯುರೋಪಿನ ವಲಸೆ ಮತ್ತು ಆಶ್ರಯ ಒಪ್ಪಂದದ ಅನ್ವಯ ದಿನಾಂಕ 2026ರ ಜೂನ್ 12. ಒಪ್ಪಿಗೆಯ ಪ್ರಮಾಣ ಶೇ 20ಕ್ಕಿಂತ ಕಡಿಮೆ ಇರುವ ದೇಶಗಳವರ ಅರ್ಜಿಯನ್ನು ಗಡಿಯಲ್ಲೇ ಇಟ್ಟು 12 ವಾರದೊಳಗೆ ಮುಗಿಸುವ ಕ್ರಮ ಅದರಲ್ಲಿದೆ. ನಾಲ್ಕೈದು ವರ್ಷದ ಲೆಕ್ಕ ಹಾಕಿದವರು ಈ 12 ವಾರವನ್ನೂ ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ವೀಸಾದಲ್ಲೇ ಶುರುವಾಗುವ ತೊಡಕು

ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನಲ್ಲಿ ಆಶ್ರಯದ ಅರ್ಜಿ ತೆಗೆದುಕೊಳ್ಳುವುದಿಲ್ಲ. ದೆಹಲಿಯ ರಾಯಭಾರ ಕಚೇರಿಯಲ್ಲಿಯೂ ಇಲ್ಲ. ಜರ್ಮನ್ ನೆಲದಲ್ಲೋ ಗಡಿಯಲ್ಲೋ ನಿಂತೇ ಕೇಳಬೇಕು. ‘ಇಲ್ಲಿಂದಲೇ ಅಸೈಲಂ ಫೈಲ್ ಮಾಡಿ ಕೊಡುತ್ತೇವೆ’ ಎಂದು ಯಾರಾದರೂ ದುಡ್ಡು ಕೇಳಿದರೆ ಅದು ನೇರ ಮೋಸ, ಬೇರೆ ವಿಚಾರಣೆಯೇ ಬೇಡ.

ಜರ್ಮನಿಯ ವೀಸಾ ಕಷ್ಟ ಎಂದು ಇನ್ನೊಂದು ಷೆಂಗನ್ ದೇಶದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ) ವೀಸಾ ಮಾಡಿಸಿ, ಅಲ್ಲಿಂದ ರೈಲಿನಲ್ಲಿ ಜರ್ಮನಿಗೆ ಹೋಗುವ ಉಪಾಯವನ್ನು ಹಲವರಿಗೆ ಹೇಳಿಕೊಡುತ್ತಾರೆ. ಅದು ಮೊದಲ ದಿನವೇ ಬಿದ್ದುಹೋಗುತ್ತದೆ. ವೀಸಾಕ್ಕೆ ಕೊಟ್ಟ ಬೆರಳಚ್ಚು ಯುರೋಪಿನ ವೀಸಾ ದಾಖಲೆಯಲ್ಲಿ ಇರುತ್ತದೆ. ಆಶ್ರಯ ಕೇಳುವಾಗ ತೆಗೆಯುವ ಬೆರಳಚ್ಚಿನ ಜೊತೆ ಅದು ತಾಳೆಯಾದ ಕೂಡಲೇ, ವೀಸಾ ಕೊಟ್ಟ ದೇಶವೇ ಅರ್ಜಿಗೆ ಹೊಣೆ ಎಂದಾಗುತ್ತದೆ. ಇದನ್ನು ಡಬ್ಲಿನ್ ನಿಯಮ ಎಂದು ಕರೆಯುತ್ತಾ ಬಂದಿದ್ದಾರೆ. ನಿಮ್ಮ ಭಯದ ಕತೆಯನ್ನು ಕೇಳುವ ಮುಂಚೆಯೇ ನಿಮ್ಮನ್ನು ಆ ದೇಶಕ್ಕೆ ಕಳಿಸುವ ಪತ್ರ ಬರುತ್ತದೆ.

ಸೆರ್ಬಿಯಾಕ್ಕೆ ವೀಸಾ ಬೇಡ, ಅಲ್ಲಿಂದ ನಡೆದು ದಾಟಬಹುದು ಎಂಬುದು ಹಳೇ ಸುದ್ದಿ. 2023ರ ಜನವರಿ 1ರಿಂದ ಭಾರತೀಯರಿಗೆ ಸೆರ್ಬಿಯಾಕ್ಕೂ ವೀಸಾ ಬೇಕು. ವಿಮಾನದಲ್ಲಿ ಪಾಸ್‌ಪೋರ್ಟ್ ಹರಿದು ಹಾಕಿ ಎಂಬ ಸಲಹೆ ಇನ್ನೂ ಕೆಟ್ಟದ್ದು. ದಾಖಲೆ ಇಲ್ಲದೆ ಫ್ರಾಂಕ್‌ಫರ್ಟಿನಲ್ಲಿ ಇಳಿದವರನ್ನು ದೇಶದೊಳಗೆ ಬಿಡದೆ ವಿಮಾನ ನಿಲ್ದಾಣದಲ್ಲೇ ಇಟ್ಟು ತುರ್ತಾಗಿ ಕೇಸು ತೀರ್ಮಾನಿಸುವ ಪದ್ಧತಿ 1993ರಿಂದ ನಡೆಯುತ್ತಿದೆ. ಗುರುತು ಮುಚ್ಚಿಟ್ಟವರ ಬೇರೆ ಮಾತನ್ನೂ ಅಧಿಕಾರಿ ನಂಬುವುದು ಕಷ್ಟ.

ಅರ್ಜಿ ಕೊಟ್ಟ ಮೇಲೆ

ಮೊದಲು ನೋಂದಣಿ: ಫೋಟೊ, ಬೆರಳಚ್ಚು, ಪಾಸ್‌ಪೋರ್ಟ್ ಒಪ್ಪಿಸುವುದು. ಪಾಸ್‌ಪೋರ್ಟಿನ ಎಲ್ಲ ಪುಟಗಳ ಪ್ರತಿಯನ್ನು ಅದಕ್ಕಿಂತ ಮುಂಚೆಯೇ ಊರಿನಲ್ಲಿ ಒಬ್ಬರ ಬಳಿ ಇಟ್ಟಿರಬೇಕು. ಆಮೇಲೆ ಹಂಚಿಕೆ. ಯಾವ ರಾಜ್ಯ ಎಷ್ಟು ಜನರನ್ನು ತೆಗೆದುಕೊಳ್ಳಬೇಕು ಎನ್ನುವುದಕ್ಕೆ ಕೋನಿಗ್‌ಸ್ಟೈನ್ ಸೂತ್ರ ಎಂಬುದಿದೆ. ಮೂರರಲ್ಲಿ ಎರಡು ಪಾಲು ತೆರಿಗೆ ಆದಾಯ, ಒಂದು ಪಾಲು ಜನಸಂಖ್ಯೆ ನೋಡಿ ಲೆಕ್ಕ ಹಾಕುತ್ತಾರೆ. ಫ್ರಾಂಕ್‌ಫರ್ಟಿನಲ್ಲಿ ಭಾವ ಇದ್ದಾನೆ ಎಂದು ಹೋದವರು ಪೋಲಿಷ್ ಗಡಿಯ ಬಳಿಯ ಶಿಬಿರದಲ್ಲಿ ಕೂರಬೇಕಾದೀತು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳನ್ನು ಒಟ್ಟಿಗೆ ಇಡಲು ನೋಡುತ್ತಾರೆ, ಭಾವ, ಷಡ್ಡಕ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿ ಕೊಡುವುದು ‘ಬಾಮ್ಫ್’ ಎಂದು ಕರೆಯುವ ವಲಸೆ ಮತ್ತು ನಿರಾಶ್ರಿತರ ಕೇಂದ್ರ ಕಚೇರಿಯ ಶಾಖೆಯಲ್ಲಿ. ಮುಖ್ಯ ಕಚೇರಿ ನ್ಯೂರೆಂಬರ್ಗಿನಲ್ಲಿದೆ. ಅರ್ಜಿಯ ನಂತರ ಸಿಗುವ ‘ಗೆಸ್ಟಾಟುಂಗ್’ ಎಂಬ ಕಾಗದ, ವಿಚಾರಣೆ ಮುಗಿಯುವವರೆಗೆ ಇರಲು ಅನುಮತಿ ಅಷ್ಟೆ. ಅದನ್ನು ಹಿಡಿದುಕೊಂಡು ಮೊದಲ ತಿಂಗಳುಗಳಲ್ಲಿ ಜಿಲ್ಲೆಯ ಗಡಿ ದಾಟಲಿಕ್ಕೂ ಅನುಮತಿ ಬೇಕು.

ಕೆಲಸದ ಮಾತು. ಈವರೆಗಿನ ಕ್ರಮದಲ್ಲಿ ಮೊದಲ 3 ತಿಂಗಳು ಯಾರಿಗೂ ಕೆಲಸವಿಲ್ಲ, ಶಿಬಿರದಲ್ಲಿ ಇರಬೇಕಾದವರಿಗೆ 6 ತಿಂಗಳು. ಆಮೇಲೂ ವಿದೇಶಿಯರ ಕಚೇರಿಯ (ವಾಸದ ಪರವಾನಗಿ ನೋಡಿಕೊಳ್ಳುವ ಸ್ಥಳೀಯ ಕಚೇರಿ) ಒಪ್ಪಿಗೆ ಪಡೆಯಬೇಕು. ಸುರಕ್ಷಿತ ದೇಶ ಎಂದು ಜರ್ಮನಿ ಪಟ್ಟಿಮಾಡಿದ ದೇಶಗಳಿಂದ, ಉದಾಹರಣೆಗೆ 2023ರ ಕೊನೆಗೆ ಸೇರಿಸಿದ ಜಾರ್ಜಿಯಾ ಮತ್ತು ಮೊಲ್ಡೊವಾದಿಂದ, ಬಂದವರಿಗೆ ಕೇಸು ಮುಗಿಯುವ ತನಕ ಕೆಲಸದ ನಿಷೇಧ.

‘ಸರಕಾರ ತಿಂಗಳು ತಿಂಗಳು ದುಡ್ಡು ಕೊಡ್ತದೆ, ಊರಿಗೆ ಕಳಿಸಬಹುದು’ ಎಂಬುದಕ್ಕೂ ಉತ್ತರ ಉಂಟು. ಶಿಬಿರದಲ್ಲಿ ಊಟ, ಹಾಸಿಗೆ, ಸೋಪು ವಸ್ತುರೂಪದಲ್ಲೇ ಸಿಗುತ್ತವೆ. ಉಳಿದ ಸಣ್ಣ ಮೊತ್ತ 2024ರಿಂದ ಹೆಚ್ಚಿನ ಕಡೆ ‘ಬೆಟ್ಸಾಲ್‌ಕಾರ್ಟೆ’ ಎಂಬ ಪಾವತಿ ಕಾರ್ಡಿನಲ್ಲಿ ಬರುತ್ತದೆ. ಅದರಿಂದ ನಗದು ತೆಗೆಯಲು ರಾಜ್ಯಗಳು ಒಪ್ಪಿದ ಮಿತಿ ದೊಡ್ಡವರಿಗೆ ತಿಂಗಳಿಗೆ 50 ಯೂರೊ. ಹೊರದೇಶಕ್ಕೆ ಹಣ ಹೋಗದಿರಲಿ ಎಂದೇ ಆ ಕಾರ್ಡು ಮಾಡಿದ್ದು. ಏಜೆಂಟಿಗೆ ಕೊಡಲು ಚಿನ್ನ ಅಡವಿಟ್ಟ ಮನೆಗೆ ಅಲ್ಲಿಂದ ಬಡ್ಡಿಯೂ ಬರುವುದಿಲ್ಲ.

ವಿಚಾರಣೆಯ ಕೋಣೆ

ಇಡೀ ಕೇಸು ನಿಲ್ಲುವುದೂ ಬೀಳುವುದೂ ‘ಆನ್‌ಹೋರುಂಗ್’ ಎಂಬ ಸಂದರ್ಶನದಲ್ಲಿ. ಕೋಣೆಯಲ್ಲಿ ಅಧಿಕಾರಿ, ದುಭಾಷಿ, ನೀವು. ವಕೀಲರನ್ನೂ, ನಂಬಿಕಸ್ಥರೊಬ್ಬರನ್ನೂ ಕರೆದೊಯ್ಯುವ ಹಕ್ಕು ಉಂಟು, ಮುಂಚೆ ತಿಳಿಸಿದರೆ ಒಳ್ಳೆಯದು. ಲೈಂಗಿಕ ಹಿಂಸೆಯ ಮಾತು ಹೇಳಬೇಕಾದ ಹೆಂಗಸರು ಮಹಿಳಾ ಅಧಿಕಾರಿ, ಮಹಿಳಾ ದುಭಾಷಿ ಬೇಕೆಂದು ಕೇಳಬಹುದು. ಅಂಥವರಿಗಾಗಿ ತರಬೇತಾದ ಅಧಿಕಾರಿಗಳೇ ಇದ್ದಾರೆ. ಹೇಳಿದ್ದು ಭಾರತದ ಸರಕಾರಕ್ಕೆ ಹೋಗುವುದಿಲ್ಲ.

ದುಭಾಷಿಯ ಖರ್ಚು ಬಾಮ್ಫ್ ಕಚೇರಿಯದ್ದೇ. ಅರ್ಜಿ ಕೊಡುವ ದಿನವೇ ಭಾಷೆ ಕೇಳುತ್ತಾರೆ. ನಮ್ಮ ಕರಾವಳಿಯವರು ಮರ್ಯಾದೆಗೆ ‘ಹಿಂದಿ ಬರ್ತದೆ’ ಎಂದುಬಿಡುತ್ತಾರೆ. ಸಿನಿಮಾ ನೋಡುವ ಹಿಂದಿ ಬೇರೆ, ರಾತ್ರಿ ಹನ್ನೊಂದಕ್ಕೆ ಮನೆಗೆ ನುಗ್ಗಿದವರಲ್ಲಿ ಯಾರು ಯಾವ ಕೈಯಲ್ಲಿ ಏನು ಹಿಡಿದಿದ್ದರು ಎಂದು ಹೇಳಬೇಕಾದ ಹಿಂದಿ ಬೇರೆ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದು ಕನ್ನಡ ಸಲೀಸಾಗಿದ್ದರೆ ಕನ್ನಡ ಎಂದು ಬರೆಸಿ. ಬಂದ ದುಭಾಷಿಯ ಮಾತು ಅರ್ಥವಾಗದಿದ್ದರೆ ಶುರುವಿನಲ್ಲೇ ಹೇಳಿ, ಹೇಳಿದ್ದು ದಾಖಲಾಗಬೇಕು.

ನಮ್ಮ ಸಂಬಂಧವಾಚಕಗಳು ಅಲ್ಲಿ ದೊಡ್ಡ ಕಿತಾಪತಿ ಮಾಡುತ್ತವೆ. ‘ಮಾವ’ ಎಂದರೆ ನಮಗೆ ತಾಯಿಯ ಅಣ್ಣತಮ್ಮನೂ ಹೌದು, ಹೆಂಡತಿಯ ಅಪ್ಪನೂ ಹೌದು. ಹತ್ತನೇ ಪುಟದಲ್ಲಿ ಒಂದು, ಹದಿನಾಲ್ಕನೇ ಪುಟದಲ್ಲಿ ಇನ್ನೊಂದು ಎಂದು ಅನುವಾದವಾದರೆ ಓದುವವರಿಗೆ ಅದು ‘ವಿರೋಧಾಭಾಸದ ಹೇಳಿಕೆ’. ದೊಡ್ಡಪ್ಪನ ಮಗನನ್ನು ‘ಅಣ್ಣ’ ಎಂದರೆ, ಒಬ್ಬನೇ ಮಗ ಎಂದವನಿಗೆ ಅಣ್ಣ ಎಲ್ಲಿಂದ ಬಂದ ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ‘ನನ್ನ ಅಮ್ಮನ ತಮ್ಮ’, ‘ಅಪ್ಪನ ಅಣ್ಣನ ಮಗ’ ಎಂದೇ ಹೇಳಿ, ಹೆಸರೂ ಸೇರಿಸಿ. ಕಾಲ ಹೇಳುವುದೂ ಹಾಗೆಯೇ. ‘ಆಟಿಯಲ್ಲಿ’, ‘ಕೋಲ ಕಳೆದ ಮೇಲೆ’ ಎಂಬುದು ದುಭಾಷಿಯ ಬಾಯಲ್ಲಿ ಯಾವ ತಿಂಗಳಾಗುತ್ತದೋ ಹೇಳಲಾಗದು. ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಎಂದು ನೀವೇ ಬಿಡಿಸಿ. ತಾರೀಕು ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ. ಅಂದಾಜಿಗೆ ಹೇಳಿದ ತಾರೀಕು ಆಸ್ಪತ್ರೆಯ ಚೀಟಿಗೆ ತಾಳೆಯಾಗದಿದ್ದರೆ ನಿಜವೂ ಸುಳ್ಳಿನಂತೆ ಕಾಣುತ್ತದೆ.

ಪ್ರಶ್ನೆಗಳು ಎರಡು ಭಾಗ. ಮೊದಲು ಊರು, ಶಾಲೆ, ಕೆಲಸ, ಮನೆಯವರು, ಬಂದ ದಾರಿ. ಇದರಲ್ಲೇ ಜನ ಸುಸ್ತಾಗುತ್ತಾರೆ. ಆಮೇಲೆ ಬರುವ ‘ಯಾಕೆ ಬಂದಿರಿ’ ಎಂಬುದಕ್ಕೆ ಎರಡು ವಾಕ್ಯದಲ್ಲಿ ಉತ್ತರಿಸಿ ಮುಗಿಸುವವರು ಬಹಳ. ಅಲ್ಲಿಯೇ ನಿಧಾನಿಸಬೇಕು. ಮೊದಲ ಬೆದರಿಕೆಯಿಂದ ಹೊರಟ ದಿನದವರೆಗೆ ಅನುಕ್ರಮವಾಗಿ: ಎಲ್ಲಿ, ಎಷ್ಟು ಜನ, ಯಾವ ಮಾತು, ನೀವು ಏನು ಮಾಡಿದಿರಿ, ಯಾವ ಠಾಣೆಗೆ ಹೋದಿರಿ, ಅಲ್ಲಿ ಏನೆಂದರು, ಬೇರೆ ಊರಿಗೆ ಯಾಕೆ ಹೋಗಲಿಲ್ಲ. ಪಕ್ಕದ ಮನೆಯವರಿಗೆ ಆದದ್ದಲ್ಲ, ದೇಶದ ರಾಜಕೀಯವಲ್ಲ, ನಿಮಗೆ ಆದದ್ದು. ಈಗ ಬಿಟ್ಟದ್ದನ್ನು ಮುಂದೆ ಕೋರ್ಟಿನಲ್ಲಿ ಹೇಳಿದರೆ ‘ಆಗ ಯಾಕೆ ಹೇಳಲಿಲ್ಲ’ ಎಂದು ತಳ್ಳಿಹಾಕಬಹುದು.

ಎಫ್‌ಐಆರ್ ಪ್ರತಿ, ಗಾಯದ ಸರ್ಟಿಫಿಕೇಟ್, ವಾಟ್ಸ್‌ಆ್ಯಪ್ ಬೆದರಿಕೆ, ಫೋಟೊ ಇದ್ದರೆ ಮೂಲದ ಜೊತೆ ಪ್ರತಿ ತೆಗೆದುಕೊಂಡು ಹೋಗಿ. ಏಜೆಂಟ್ ಮಾಡಿಸಿಕೊಡುವ ಎಫ್‌ಐಆರ್ ಮಾತ್ರ ಮುಟ್ಟಬೇಡಿ. ಖೋಟಾ ದಾಖಲೆ ಸಿಕ್ಕಿದರೆ ಅರ್ಜಿ ‘ಮೇಲ್ನೋಟಕ್ಕೇ ಆಧಾರರಹಿತ’ ಎಂದು ಬೀಳುತ್ತದೆ. ಅದು ಸಾಮಾನ್ಯ ತಿರಸ್ಕಾರಕ್ಕಿಂತ ಎಷ್ಟೋ ಕೆಟ್ಟದ್ದು.

ಕೊನೆಗೆ ಬರೆದದ್ದನ್ನೆಲ್ಲ ದುಭಾಷಿ ನಿಮ್ಮ ಭಾಷೆಯಲ್ಲಿ ಓದಿ ಹೇಳುತ್ತಾರೆ. ಗಂಟೆಗಟ್ಟಲೆ ಕೂತು ಬೆನ್ನು ನೋಯುತ್ತಿರುತ್ತದೆ, ಎಲ್ಲರಿಗೂ ಮನೆಗೆ ಹೋಗುವ ಆತುರ. ‘ಓದುವುದು ಬೇಡ, ಸರಿ ಉಂಟು’ ಎಂದು ಸಹಿ ಹಾಕಬೇಡಿ. ಆ ಮಾವ, ಆ ತಾರೀಕು ಸರಿಪಡಿಸಲು ಇರುವ ಜಾಗ ಇದೊಂದೇ. ಪ್ರತಿ ಕೇಳಿ ಪಡೆಯಿರಿ.

ಹಳದಿ ಲಕೋಟೆ

ನಿರ್ಧಾರ ಹಳದಿ ಲಕೋಟೆಯಲ್ಲಿ ಬರುತ್ತದೆ. ಅಂಚೆಯವರು ಅದರ ಮೇಲೆ ತಲುಪಿಸಿದ ದಿನಾಂಕ ಬರೆಯುತ್ತಾರೆ, ಗಡುವು ಶುರುವಾಗುವುದು ಆ ದಿನದಿಂದ. ಲಕೋಟೆ ಹರಿದು ಕಸದ ಬುಟ್ಟಿಗೆ ಹಾಕಿದವರಿಗೆ ಮುಂದೆ ಆ ದಿನಾಂಕ ಸಾಬೀತು ಮಾಡುವುದೇ ಕಷ್ಟ. ಹಾಗಾಗಿ ಪತ್ರದ ಜೊತೆ ಪಿನ್ ಮಾಡಿಡಿ. ವಿಳಾಸ ಬದಲಾದರೆ ಬಾಮ್ಫ್, ವಿದೇಶಿಯರ ಕಚೇರಿ, ಕೇಸು ಇದ್ದರೆ ಕೋರ್ಟು, ಮೂರೂ ಕಡೆ ನೀವೇ ತಿಳಿಸಬೇಕು. ಹಳೇ ವಿಳಾಸಕ್ಕೆ ಹೋದ ಪತ್ರವೂ ಕಾನೂನಿನ ಪ್ರಕಾರ ತಲುಪಿದಂತೆಯೇ. ಒಂದು ಕಡೆ ಹೇಳಿದರೆ ಉಳಿದವರಿಗೆ ಹೋಗುತ್ತದೆ ಎಂದು ಕೂತು ಕೇಸು ಕಳೆದುಕೊಳ್ಳುವುದು ತೀರಾ ಸಾಮಾನ್ಯ.

ಒಪ್ಪಿಗೆಯಾದರೆ ನಿರಾಶ್ರಿತರಿಗೆ ಮೊದಲು 3 ವರ್ಷದ ವಾಸದ ಪರವಾನಗಿ, ಕೆಲಸಕ್ಕೆ ಪೂರ್ತಿ ಅವಕಾಶ. ಆದರೆ ಊರಿಗೆ ಬರುವ ಹಾಗಿಲ್ಲ. ತಂಗಿಯ ಮದುವೆ, ಮನೆಯ ದೈವದ ನೇಮ ಎಂದು ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದರೆ, ಭಯ ಇಲ್ಲವೆಂದು ನೀವೇ ತೋರಿಸಿದ ಹಾಗಾಗುತ್ತದೆ, ಸ್ಥಾನಮಾನ ಹಿಂತೆಗೆಯಬಹುದು. 2024ರ ಅಕ್ಟೋಬರ್ ಕೊನೆಯಿಂದ ಈ ನಿಯಮ ಇನ್ನೂ ಬಿಗಿ. ಬಹಳ ಹತ್ತಿರದವರ ಗಂಭೀರ ಕಾಯಿಲೆಯಂಥ ತಪ್ಪಿಸಲಾಗದ ಕಾರಣಕ್ಕೆ ಮಾತ್ರ ವಿನಾಯಿತಿ.

ಸಾಮಾನ್ಯ ತಿರಸ್ಕಾರವಾದರೆ ದೇಶ ಬಿಡಲು 30 ದಿನ, ಆಡಳಿತ ನ್ಯಾಯಾಲಯಕ್ಕೆ ಹೋಗಲು 2 ವಾರ. ದಾವೆ ಹಾಕಿದರೆ ಅದು ಮುಗಿಯುವವರೆಗೆ ಇರಬಹುದು. ‘ಮೇಲ್ನೋಟಕ್ಕೇ ಆಧಾರರಹಿತ’ ಎಂದಾದರೆ ಒಂದೇ ವಾರ. ದಾವೆಯ ಜೊತೆ ತುರ್ತು ಮನವಿಯನ್ನೂ ಕೊಡಬೇಕು, ಇಲ್ಲವಾದರೆ ದಾವೆ ಇದ್ದೂ ವಿಮಾನ ಹತ್ತಿಸುತ್ತಾರೆ. ಇವು ಈವರೆಗಿನ ಲೆಕ್ಕ. ಯುರೋಪಿನ ಹೊಸ ಒಪ್ಪಂದದ ಜೊತೆ ಗಡುವುಗಳೂ ಬದಲಾಗುವುದರಿಂದ ನಿಮ್ಮ ಪತ್ರದ ಕೊನೆಯಲ್ಲಿ ಬರೆದ ಗಡುವನ್ನೇ ಹಿಡಿಯಿರಿ, ರೂಮಿನವರ ಮಾತನ್ನಲ್ಲ. ಆಶ್ರಯದ ದಾವೆಗೆ ಕೋರ್ಟ್ ಶುಲ್ಕ ಇಲ್ಲ, ವಕೀಲರಿಗೆ ಕೊಡಬೇಕು. ಕಾರಿತಾಸ್, ಡಿಯಾಕೊನಿಯಂಥ ಚರ್ಚ್‌ಗಳ ಸೇವಾ ಸಂಸ್ಥೆಗಳಲ್ಲಿ ಉಚಿತ ಸಲಹೆ ಸಿಗುತ್ತದೆ. ಸಂದರ್ಶನಕ್ಕೆ ಮುಂಚೆಯೇ ಅಲ್ಲಿಗೆ ಹೋಗಿ, ತಿರಸ್ಕಾರ ಬಂದ ಮೇಲೆ ಹೋದರೆ ಅವರ ಕೈಯಲ್ಲೂ ಹೆಚ್ಚೇನೂ ಇರುವುದಿಲ್ಲ.

ಎಲ್ಲ ಮುಗಿದ ಮೇಲೂ ಹೋಗದವರಿಗೆ ‘ಡುಲ್ಡುಂಗ್’ ಎಂಬ ಚೀಟಿ. ಗಡೀಪಾರನ್ನು ಸದ್ಯಕ್ಕೆ ಮುಂದೂಡಿದ್ದೇವೆ ಎಂಬುದಷ್ಟೇ ಅದರ ಅರ್ಥ. ಪಾಸ್‌ಪೋರ್ಟ್ ಬಚ್ಚಿಟ್ಟರೆ ಕೆಲಸವೂ ಬಂದ್. 2022ರ ಡಿಸೆಂಬರ್ 5ರಂದು ದೆಹಲಿಯಲ್ಲಿ ಸಹಿಯಾದ ಭಾರತ–ಜರ್ಮನಿ ವಲಸೆ ಒಪ್ಪಂದದಲ್ಲಿ ಕೆಲಸಗಾರರನ್ನು ಕರೆಸುವ ಮಾತಿನ ಪಕ್ಕದಲ್ಲೇ ಇಂಥವರನ್ನು ವಾಪಸ್ ಕಳಿಸುವ ಮಾತೂ ಇದೆ. ಗಡೀಪಾರಾದವರಿಗೆ ಮರುಪ್ರವೇಶದ ನಿಷೇಧ ಇಡೀ ಷೆಂಗನ್‌ಗೆ ಅನ್ವಯ. ತಾವಾಗಿಯೇ ಹೊರಟರೆ ಅದನ್ನು ತಪ್ಪಿಸಿಕೊಳ್ಳಬಹುದು.

ಈಗಾಗಲೇ ಅಲ್ಲಿರುವ ವಿದ್ಯಾರ್ಥಿಗಳಿಗೆ

ಓದಲು ಹೋಗಿ ಫೇಲಾಗಿ, ವೀಸಾ ಮುಗಿಯುತ್ತಾ ಬಂದು, ‘ಅಸೈಲಂ ಹಾಕಿಬಿಡು’ ಎಂಬ ಸಲಹೆ ಕೇಳುವವರು ಇದನ್ನೊಮ್ಮೆ ಓದಿ. ಒಟ್ಟು ಅವಧಿ 6 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇರುವ ವೀಸಾ ಅಥವಾ ಪರವಾನಗಿ, ಆಶ್ರಯದ ಅರ್ಜಿ ಕೊಟ್ಟ ಕ್ಷಣಕ್ಕೆ ತಾನಾಗಿ ರದ್ದಾಗುತ್ತದೆ. ಅಂಥ ಅಲ್ಪಾವಧಿಯ ಪರವಾನಗಿಯ ನವೀಕರಣಕ್ಕೆ ಕೊಟ್ಟ ಅರ್ಜಿಯ ಮೇಲೆ ಸಿಕ್ಕಿರುವ ತಾತ್ಕಾಲಿಕ ರಕ್ಷಣೆಯೂ ಹೋಗುತ್ತದೆ. ಆಮೇಲೆ ಕೆಲಸ ಸಿಕ್ಕಿತು, ಕೆಲಸದ ಪರವಾನಗಿ ಕೊಡಿ ಎಂದರೆ, ಆಶ್ರಯದ ಕೇಸು ಮುಗಿಯುವವರೆಗೆ ಸಾಮಾನ್ಯವಾಗಿ ಕೊಡುವ ಹಾಗಿಲ್ಲ. ಅರ್ಜಿ ಹಿಂತೆಗೆದು ಕೆಲಸದ ದಾರಿಗೆ ಬದಲಾಗುವ ರಿಯಾಯಿತಿಯೊಂದನ್ನು 2023ರಲ್ಲಿ ಮಾಡಿದರು. ಅದು 2023ರ ಮಾರ್ಚ್ 29ಕ್ಕೆ ಮುಂಚೆ ಬಂದ ನುರಿತವರಿಗೆ ಮಾತ್ರ. ಬದಲಿಗೆ ಕೋರ್ಸ್ ಬದಲಾವಣೆ, ಔಸ್‌ಬಿಲ್ಡುಂಗ್ ಎಂಬ ಸಂಬಳ ಸಹಿತ ವೃತ್ತಿ ತರಬೇತಿ ಇವುಗಳ ಬಗ್ಗೆ ವೀಸಾ ಮುಗಿಯುವ ಮುಂಚೆಯೇ ವಿದೇಶಿಯರ ಕಚೇರಿಯಲ್ಲಿ ಕೇಳಿ.

ಮಂಗಳೂರು, ಮಣಿಪಾಲದಲ್ಲಿ ಓದುತ್ತಿರುವ ಹೊರದೇಶದವರ ಲೆಕ್ಕ ಬೇರೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಅಫ್ಘನ್ ವಿದ್ಯಾರ್ಥಿಗಳಿಗೆ ಎದುರಾದಂಥ ಸ್ಥಿತಿ ಬಂದರೆ, ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ, ಮೊದಲು ಇಲ್ಲಿನ ವೀಸಾ ವಿಸ್ತರಣೆ, ಆಮೇಲೆ ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯಲ್ಲಿ ನೋಂದಣಿ.

ಬೇಕಾದದ್ದು ಕೆಲಸವಾದರೆ

ನರ್ಸಿಂಗ್ ಓದಿದವರು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಎಷ್ಟು ಮಂದಿ! ಅವರಿಗೆ ನೇರ ದಾರಿಯೇ ಉಂಟು. ಜರ್ಮನ್ ಭಾಷೆ ಬಿ1ರಿಂದ ಬಿ2 ಮಟ್ಟ (ಎ1 ಆರಂಭದ ಹಂತ, ಬಿ2 ಸಲೀಸಾಗಿ ಮಾತಾಡುವ ಹಂತ), ಅರ್ಹತೆಯ ಮಾನ್ಯತೆಗೆ ಅಲ್ಲಿನ ರಾಜ್ಯ ಕಚೇರಿಗೆ ಅರ್ಜಿ, ಕೊರತೆ ಕಂಡರೆ ಅಲ್ಲೇ ತರಬೇತಿ ಅಥವಾ ಜ್ಞಾನ ಪರೀಕ್ಷೆ. ಕಡತ ಹೆಚ್ಚಾಗಿ ನಿಲ್ಲುವುದು ಟ್ರಾನ್ಸ್‌ಕ್ರಿಪ್ಟಿನಲ್ಲಿ. ಬರೀ ಅಂಕ ಇದ್ದರೆ ಸಾಲದು, ವಿಷಯವಾರು ಥಿಯರಿ ಎಷ್ಟು ಗಂಟೆ, ವಾರ್ಡಿನಲ್ಲಿ ಎಷ್ಟು ಗಂಟೆ ಎಂದು ಕಾಲೇಜಿನಿಂದ ಬರೆಸಿಕೊಳ್ಳಿ. ನ್ಯಾಯಯುತ ನೇಮಕಾತಿಯ ಜರ್ಮನ್ ಸರಕಾರಿ ಮುದ್ರೆ ಇರುವ ಸಂಸ್ಥೆಗಳ ಮೂಲಕ ಹೋದರೆ ನೇಮಕಾತಿಯ ಖರ್ಚು ಆಸ್ಪತ್ರೆಯದ್ದು, ನರ್ಸಿನದ್ದಲ್ಲ.

ಪದವಿಯೋ ಎರಡು ವರ್ಷದ ವೃತ್ತಿ ತರಬೇತಿಯೋ ಇದ್ದವರು ‘ಶಾನ್ಸೆನ್‌ಕಾರ್ಟೆ’ ಎಂಬ, ಕೆಲಸ ಹುಡುಕಲು ಹೋಗುವವರ ಅವಕಾಶ ಕಾರ್ಡನ್ನು ನೋಡಬಹುದು. 2024ರ ಜೂನ್ 1ರಿಂದ ಶುರುವಾದ ಇದರಲ್ಲಿ ಅರ್ಹತೆ ನೋಡಿ ಕೊಡುವ ಅಂಕಗಳಲ್ಲಿ 6 ಗಳಿಸಿದರೆ ಕೆಲಸ ಹುಡುಕಲು ಒಂದು ವರ್ಷದ ತನಕ ಇರಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಭಾಷೆ ಕನಿಷ್ಠ ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2. ಖರ್ಚಿಗೆ ತಿಂಗಳಿಗೆ 1,091 ಯೂರೊ ತೋರಿಸಬೇಕೆಂಬುದು 2025ರ ಲೆಕ್ಕ. ಬ್ಲಾಕ್ಡ್ ಅಕೌಂಟಿನಲ್ಲಿ ಇಡುವ ಈ ದುಡ್ಡು ನಿಮ್ಮದೇ, ತಿಂಗಳು ತಿಂಗಳು ನಿಮಗೇ ವಾಪಸ್ ಬರುತ್ತದೆ. ಇದನ್ನು ‘ಪ್ರೊಸೆಸಿಂಗ್ ಚಾರ್ಜ್’ ಎಂದು ತನ್ನ ಖಾತೆಗೆ ಹಾಕಿಸಿಕೊಳ್ಳುವವನು ಕಳ್ಳ.

ಏಜೆಂಟ್ ಮುಂದೆ ಕೂತಾಗ ಮೊಬೈಲ್ ತೆಗೆದು, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಅವನ ನೋಂದಣಿ ಸಂಖ್ಯೆ ಹುಡುಕಿ. ಬೋರ್ಡಿನಲ್ಲಿರುವ ಹೆಸರು, ವಿಳಾಸ, ಸಿಂಧುತ್ವದ ದಿನಾಂಕ ಮೂರೂ ತಾಳೆಯಾಗಬೇಕು. ನೋಂದಾಯಿತ ನೇಮಕಾತಿ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 35,400. ಅದಕ್ಕೂ ರಶೀದಿ ಕೊಡಬೇಕು. ಹತ್ತು ಹದಿನೈದು ಲಕ್ಷ ಕೇಳುವವನ ಹತ್ತಿರ ಆ ರಶೀದಿಯ ಮೇಲೆ ಯಾವ ಕೆಲಸ, ಯಾವ ಕಂಪನಿ ಎಂದು ಬರೆದುಕೊಡಲು ಹೇಳಿ ನೋಡಿ.